ಉಚಿತವಾಗಿ ಸಿಗುವ ತಂತ್ರಜ್ಞಾನ: ಬೀಗದ ಕೈ ಯಾರ ಬಳಿ ಇದೆ?

ಕೆಲವು ತಿಂಗಳ ಹಿಂದೆ ಕರಾವಳಿಯ ಒಂದು ಚರ್ಚಿನ ಪಾಲನಾ ಮಂಡಳಿಯ ಕಾರ್ಯದರ್ಶಿಯವರಿಂದ ನಮಗೊಂದು ಫೋನ್ ಕರೆ ಬಂತು. "ಫಾದರ್, ನಮ್ಮ ಚರ್ಚಿನ ವೆಬ್‌ಸೈಟ್ ತೆರೆದರೆ ಜೂಜಿನ ಜಾಹೀರಾತು ಬರುತ್ತದೆ. ಎಂತ ಮಾಡುವುದು?" ಎಂದು ಅವರು ಸಂಕೋಚದಿಂದಲೇ ಕೇಳಿದರು. ನಾವು ಕೂಡಲೇ ತೆರೆದು ನೋಡಿದೆವು. ಅವರು ಹೇಳಿದ್ದು ನಿಜವಾಗಿತ್ತು. ಚರ್ಚಿನ ಹೆಸರಿನ ವಿಳಾಸದಲ್ಲಿ ಇಸ್ಪೀಟು ಎಲೆಗಳ ಚಿತ್ರ!

ವಿಚಾರಿಸಿದಾಗ ತಿಳಿದದ್ದು ಇಷ್ಟು. 2006ರಲ್ಲಿ ಚರ್ಚಿನ ವಾರ್ಷಿಕ ಹಬ್ಬದ ಸಂದರ್ಭದಲ್ಲಿ ಯುವಕನೊಬ್ಬ ಉತ್ಸಾಹದಿಂದ ಈ ಜಾಲತಾಣವನ್ನು ರೂಪಿಸಿದ್ದ. ವಿಳಾಸವನ್ನು ತನ್ನ ಹೆಸರಿನಲ್ಲಿ, ತನ್ನ ಇ-ಮೇಲ್ ಕೊಟ್ಟು, ತನ್ನ ಹಣದಿಂದಲೇ ಕೊಂಡಿದ್ದ. ಬಳಿಕ ಕೆಲಸಕ್ಕೆಂದು ಕುವೈಟಿಗೆ ಹೋದ, ಅಲ್ಲಿಂದ ಕುಟುಂಬ ಸಮೇತ ಕೆನಡಾ ಸೇರಿದ. ಎಷ್ಟೋ ವರ್ಷ ಯಾರಿಗೂ ಹೇಳದೆ ತಾನೇ ನವೀಕರಣದ ಹಣ ಕಟ್ಟುತ್ತಿದ್ದ. ಯಾರೂ ಕೇಳಲೂ ಇಲ್ಲ. ಅವನು ಆ ಹಳೆಯ ಇ-ಮೇಲ್ ಬಳಸುವುದನ್ನು ಬಿಟ್ಟ ಮೇಲೆ ನೆನಪೋಲೆಗಳು ಅವನಿಗೆ ತಲುಪಲಿಲ್ಲ. ಅವಧಿ ಮುಗಿಯಿತು. ಖಾಲಿ ಬಿದ್ದ ವಿಳಾಸವನ್ನು ಬೇರೆ ಯಾರೋ ಕೊಂಡರು.

ಹೋದದ್ದು ವಿಳಾಸ ಮಾತ್ರವಾಗಿದ್ದರೆ ಚಿಂತೆ ಇರಲಿಲ್ಲ. ನಿವೃತ್ತ ಅಧ್ಯಾಪಕರೊಬ್ಬರು ಬರೆದ ಚರ್ಚಿನ ಇತಿಹಾಸ, ಸೇವೆ ಸಲ್ಲಿಸಿದ ಧರ್ಮಗುರುಗಳ ಪಟ್ಟಿ, ಕೆಡವಿದ ಹಳೆಯ ಇಗರ್ಜಿಯ ಫೋಟೋಗಳು ಅದರಲ್ಲಿದ್ದವು. ಅಧ್ಯಾಪಕರು ಈಗ ತೀರಿಕೊಂಡಿದ್ದಾರೆ. ಅವರ ಕೈಬರಹದ ಪ್ರತಿ ಯಾರ ಬಳಿಯೂ ಇಲ್ಲ. ಆ ಯುವಕನನ್ನು ದೂರಲು ನಮಗೆ ಮನಸ್ಸಿಲ್ಲ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಕೈಯಿಂದ ಹಣ ಹಾಕಿದವನು ಅವನೊಬ್ಬನೇ.

ಸೇವಾ ಸಂಸ್ಥೆಗಳಿಗೆ ಉಚಿತವಾಗಿ ಅಥವಾ ಕಡಿಮೆ ಬೆಲೆಗೆ ಸಿಗುವ ಅಂತರ್ಜಾಲ ಸೌಲಭ್ಯಗಳ ಬಗ್ಗೆ ಬರೆಯಿರಿ ಎಂದು ಹಲವು ಓದುಗರು ಕೇಳುತ್ತಲೇ ಇದ್ದಾರೆ. ವೃದ್ಧಾಶ್ರಮ ನಡೆಸುವ ಭಗಿನಿಯರು, ಸ್ವಸಹಾಯ ಸಂಘಗಳ ಪ್ರೇರಕಿಯರು, ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯವರು, ವಿಶೇಷ ಮಕ್ಕಳ ಶಾಲೆಯವರು ಕೇಳಿದ್ದಾರೆ. ಅದನ್ನು ಬರೆಯಲು ಕುಳಿತಾಗ ಮೇಲಿನ ಘಟನೆಯೇ ಮೊದಲು ನೆನಪಾಯಿತು. ಸೌಲಭ್ಯಗಳಿಗೆ ಇಂದು ಕೊರತೆಯಿಲ್ಲ. ಅವು ಯಾರ ಹೆಸರಿನಲ್ಲಿವೆ, ನಾವು ಅದರಲ್ಲಿ ಇಟ್ಟದ್ದನ್ನು ನಾಳೆ ಹೊರಗೆ ತೆಗೆಯಲು ಸಾಧ್ಯವೇ ಎಂಬುದನ್ನು ಮಾತ್ರ ನಾವು ಕೇಳುತ್ತಿಲ್ಲ.

ಕೊಡುವವರು ಯಾರು?

ಇಂತಹ ಕೆಲಸಕ್ಕೆ ಹೆಸರಾದ ಸಂಸ್ಥೆ ಟೆಕ್‌ಸೂಪ್. 1987ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡೇನಿಯಲ್ ಬೆನ್-ಹೋರಿನ್ ಎಂಬವರು ಕಂಪ್ಯೂಮೆಂಟರ್ ಎಂಬ ಹೆಸರಿನಲ್ಲಿ ಇದನ್ನು ಆರಂಭಿಸಿದರು. ಕಂಪ್ಯೂಟರ್ ಬಲ್ಲವರನ್ನು ಅದು ತಿಳಿಯದ ಸೇವಾ ಸಂಸ್ಥೆಗಳೊಂದಿಗೆ ಜೋಡಿಸುವುದು ಮೊದಲಿನ ಉದ್ದೇಶವಾಗಿತ್ತು. ಮುಂದೆ ದೊಡ್ಡ ಕಂಪೆನಿಗಳು ದಾನವಾಗಿ ಕೊಡುವ ತಂತ್ರಾಂಶಗಳನ್ನು ಅರ್ಹ ಸಂಸ್ಥೆಗಳಿಗೆ ಹಂಚುವ ಕೆಲಸ ಅದರ ಪಾಲಿಗೆ ಬಂತು. ಭಾರತದಲ್ಲಿ ನಾಸ್ಕಾಂ ಫೌಂಡೇಶನ್ ಅದರ ಜೊತೆಗಾರನಾಗಿ ಬಿಗ್‌ಟೆಕ್ ಎಂಬ ಯೋಜನೆಯನ್ನು ನಡೆಸಿದೆ. ತಂತ್ರಾಂಶದ ಬೆಲೆ ಇಲ್ಲದಿದ್ದರೂ ಆಡಳಿತ ವೆಚ್ಚವೆಂದು ಒಂದು ಸಣ್ಣ ಶುಲ್ಕ ಇರುತ್ತದೆ. ಟೆಕ್‌ಸೂಪ್‌ನ ಲೇಖನಗಳನ್ನು ಓದಲು ಮಾತ್ರ ಯಾವ ನೋಂದಣಿಯೂ ಬೇಡ.

ಗೂಗಲ್ ಸಂಸ್ಥೆಯು ಸೇವಾ ಸಂಸ್ಥೆಗಳಿಗಾಗಿ ಪ್ರತ್ಯೇಕ ಯೋಜನೆ ನಡೆಸುತ್ತಿದ್ದು, ಅದು ಭಾರತದಲ್ಲಿಯೂ ಲಭ್ಯವಿದೆ. ಸಂಸ್ಥೆಯ ಸ್ವಂತ ವಿಳಾಸದ ಇ-ಮೇಲ್, ಕಡತಗಳನ್ನು ಇಡುವ ಜಾಗ, ವಿಡಿಯೋ ಸಭೆ ಇವು ಉಚಿತ. ಇದರ ಜೊತೆಗೆ ತಿಂಗಳಿಗೆ 10,000 ಡಾಲರ್ ಮೌಲ್ಯದ ತನಕ ಹುಡುಕಾಟದ ಪುಟದಲ್ಲಿ ಜಾಹೀರಾತು ಹಾಕುವ ಅವಕಾಶವೂ ಇದೆ. ಮೊತ್ತ ನೋಡಿ ಬೆರಗಾಗಬೇಡಿ. ಅದು ಕೈಗೆ ಬರುವ ಹಣವಲ್ಲ, ಅಕ್ಷರದ ಜಾಹೀರಾತಿಗೆ ಮಾತ್ರ. ಒಂದು ಚರ್ಚಿಗೆ ಇದರಿಂದ ದೊಡ್ಡ ಉಪಯೋಗವಿದೆ ಎಂದು ನಮಗೆ ಅನ್ನಿಸುವುದಿಲ್ಲ. ಆದರೆ ಕಷ್ಟದಲ್ಲಿರುವವರಿಗೆ ನೆರವಾಗುವ ಕೇಂದ್ರವೊಂದಕ್ಕೆ ಇದು ಪ್ರಯೋಜನಕಾರಿಯಾಗಬಹುದು. ರಾತ್ರಿ ಹನ್ನೆರಡು ಗಂಟೆಗೆ ನೆರವು ಹುಡುಕುವ ಹೆಂಗಸಿನ ಕಣ್ಣಿಗೆ ಕೇಂದ್ರದ ಹೆಸರು ಬಿದ್ದರೆ ಅದು ಸಣ್ಣ ಸಂಗತಿಯಲ್ಲ. ಶಾಲೆಗಳು ಮತ್ತು ಆಸ್ಪತ್ರೆಗಳು ಈ ಯೋಜನೆಯಡಿ ಬರುವುದಿಲ್ಲ. ಶಾಲೆಗಳಿಗೆ ಗೂಗಲ್‌ನಲ್ಲಿಯೇ ಬೇರೆ ಯೋಜನೆ ಇದೆ.

ಪೋಸ್ಟರ್, ಆಮಂತ್ರಣ ಪತ್ರ, ವಾರದ ಪ್ರಕಟಣೆ ಇವುಗಳಿಗೆ ಕ್ಯಾನ್ವಾ ಎಂಬ ಆಸ್ಟ್ರೇಲಿಯಾದ ತಾಣ ಈಗ ಮನೆಮಾತಾಗಿದೆ. ಹಣ ಕೊಟ್ಟು ಪಡೆಯುವ ಅದರ ಹೆಚ್ಚಿನ ಸೌಲಭ್ಯಗಳು ನೋಂದಾಯಿತ ಸೇವಾ ಸಂಸ್ಥೆಗಳಿಗೆ ಉಚಿತ. ನಮ್ಮ ಕೆಲವು ಚರ್ಚುಗಳ ಯುವಕರು ತಿಂಗಳು ತಿಂಗಳು ಕೈಯಿಂದ ಹಣ ಕಟ್ಟಿ ಇದನ್ನು ಬಳಸುವುದನ್ನು ಕಂಡಿದ್ದೇವೆ. ಪಾಪ, ಅವರಿಗೆ ಯಾರೂ ಹೇಳಿರಲಿಲ್ಲ.

ಇವೆಲ್ಲಕ್ಕೂ ಮೊದಲು ಕೇಳುವುದು ನೋಂದಣಿ ಪತ್ರ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಡಿ ನೋಂದಾಯಿತ ಸಂಘ, ಸಾರ್ವಜನಿಕ ಟ್ರಸ್ಟ್ ಅಥವಾ ಕಂಪೆನಿ ಕಾಯಿದೆಯ 8ನೇ ಸೆಕ್ಷನ್ನಿನ ಸಂಸ್ಥೆ ಆಗಿದ್ದರೆ ಅರ್ಜಿ ಹಾಕಬಹುದು. ಪಾನ್ ಕಾರ್ಡ್, ಆದಾಯ ತೆರಿಗೆ ಇಲಾಖೆಯ ನೋಂದಣಿ, ನೀತಿ ಆಯೋಗದ ಎನ್‌ಜಿಒ ದರ್ಪಣ್ ಸಂಖ್ಯೆ ಇವು ಕೈಯಲ್ಲಿದ್ದರೆ ಕೆಲಸ ಸುಲಭ. ನಿಮ್ಮ ಸೇವಾ ಕಾರ್ಯ ಯಾರ ನೋಂದಣಿಯಡಿ ನಡೆಯುತ್ತಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಧರ್ಮಪ್ರಾಂತ್ಯದ ಸಂಸ್ಥೆಯ ಅಡಿಯಲ್ಲಿದ್ದರೆ ಅಲ್ಲಿಂದಲೇ ಅರ್ಜಿ ಹೋಗಬೇಕು. ಪತ್ರದಲ್ಲಿರುವ ಹೆಸರು ಒಂದು, ಬೋರ್ಡಿನಲ್ಲಿರುವ ಹೆಸರು ಇನ್ನೊಂದು ಆಗಿ ಅರ್ಜಿ ತಿರಸ್ಕೃತವಾಗುವುದು ಸಾಮಾನ್ಯ. ಪ್ರತಿ ಕಂಪೆನಿಯ ನಿಯಮವೂ ಬೇರೆ ಬೇರೆ. ಓದದೆ ಒಪ್ಪಿಗೆಯ ಗುರುತು ಹಾಕಬೇಡಿ.

ದಾನವಾಗಿ ಬಂದದ್ದು ದಾನಿಯ ಇಚ್ಛೆಯಂತೆ ನಿಲ್ಲಲೂಬಹುದು. ಮೈಕ್ರೋಸಾಫ್ಟ್ ಸೇವಾ ಸಂಸ್ಥೆಗಳಿಗೆ ಹತ್ತು ಜನರ ತನಕ ಉಚಿತವಾಗಿ ಕೊಡುತ್ತಿದ್ದ ಬಿಸಿನೆಸ್ ಪ್ರೀಮಿಯಂ ಕೊಡುಗೆಯನ್ನು 2025ರ ಜುಲೈಯಿಂದ ಹಿಂದಕ್ಕೆ ಪಡೆಯಿತು. ಅದಕ್ಕಿಂತ ಕೆಳಗಿನ ಯೋಜನೆ ಉಳಿಯಿತು. ಅಂತರ್ಜಾಲದ ಹಳೆಯ ಕಥೆಯೂ ಇದೇ. ನಮ್ಮಲ್ಲಿ ಹಲವರು ಮೊದಲ ಪುಟ ಕಟ್ಟಿದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು. ಆರ್ಕುಟ್ 2014ರಲ್ಲಿ ಹೋಯಿತು. ಗಲ್ಫಿನ ನಮ್ಮವರು ಊರಿನ ಸುದ್ದಿ ಹಂಚಿಕೊಳ್ಳುತ್ತಿದ್ದ ಯಾಹೂ ಗುಂಪುಗಳು 2020ರ ಡಿಸೆಂಬರಿನಲ್ಲಿ ನಿಂತವು. ಸ್ಕೈಪ್ 2025ರ ಮೇ ತಿಂಗಳಲ್ಲಿ.

ಯಾರನ್ನೂ ಕೇಳಬೇಕಾಗಿಲ್ಲದ ತಂತ್ರಾಂಶಗಳು

ಹೀಗಾಗಿ ನಾವು ಮೊದಲ ಸ್ಥಾನ ಕೊಡುವುದು ಮುಕ್ತ ತಂತ್ರಾಂಶಗಳಿಗೆ. ಇವುಗಳಿಗೆ ನೋಂದಣಿ ಪತ್ರ ಬೇಡ, ಅರ್ಜಿ ಬೇಡ. ಇಳಿಸಿಕೊಂಡರೆ ನಮ್ಮ ಕಂಪ್ಯೂಟರಿನಲ್ಲಿಯೇ ಉಳಿಯುತ್ತವೆ. ಕಚೇರಿ ಕೆಲಸಕ್ಕೆ ಲಿಬ್ರೆ ಆಫೀಸ್ ಸಾಕು. ಓಪನ್ ಆಫೀಸ್‌ನಿಂದ ಬೇರ್ಪಟ್ಟವರು 2010ರಲ್ಲಿ ಕಟ್ಟಿದ ಈ ತಂತ್ರಾಂಶದಲ್ಲಿ ಪತ್ರ, ಲೆಕ್ಕದ ಹಾಳೆ, ಪ್ರದರ್ಶನದ ಚಿತ್ರ ಎಲ್ಲವನ್ನೂ ಮಾಡಬಹುದು. ಚರ್ಚ್ ಕಚೇರಿಯಲ್ಲಿ ಕದ್ದ ತಂತ್ರಾಂಶ ಹಾಕಿಕೊಂಡು ವೈರಸ್ ಬಂತು ಎಂದು ಅಳುವವರಿಗೆ ನಾವು ಹೇಳುವ ಮದ್ದು ಇದೇ. ಗಾಯನ ಮಂಡಳಿಯ ಧ್ವನಿಮುದ್ರಣವನ್ನು ಕತ್ತರಿಸಿ ಜೋಡಿಸಲು ಆಡಾಸಿಟಿ ಇದೆ. ಚಿತ್ರ ತಿದ್ದಲು ಗಿಂಪ್ ಇದೆ.

ನೇರ ಪ್ರಸಾರಕ್ಕೆ ಒಬಿಎಸ್ ಸ್ಟುಡಿಯೋ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ನಮ್ಮ ಅನೇಕ ಚರ್ಚುಗಳು ಒಂದೇ ವಾರದಲ್ಲಿ ಬಲಿಪೂಜೆಯ ನೇರ ಪ್ರಸಾರ ಕಲಿತವು. ಆ ಕಾಲ ಮುಗಿದರೂ ಒಂದು ಅಗತ್ಯ ಉಳಿದುಕೊಂಡಿದೆ: ಅಂತ್ಯಸಂಸ್ಕಾರ. ಮಗ ದುಬೈಯಲ್ಲಿ, ಮಗಳು ಇಸ್ರೇಲಿನಲ್ಲಿ. ಇಬ್ಬರಿಗೂ ಬರಲು ಆಗುವುದಿಲ್ಲ. ತಾಯಿಯ ಮುಖ ಕೊನೆಯ ಸಲ ನೋಡುವುದು ಫೋನಿನಲ್ಲಿಯೇ. ನಮ್ಮ ಪರಿಚಯದ ಒಂದು ಕಡೆ ಅಂತಹ ದಿನ ಬೆಳಿಗ್ಗೆ ಹೊಸದಾಗಿ ಯೂಟ್ಯೂಬ್ ಚಾನೆಲ್ ತೆರೆದರು. ನೇರ ಪ್ರಸಾರದ ಗುಂಡಿ ಒತ್ತಿದಾಗ, ಸೌಲಭ್ಯ ಸಿಗಲು 24 ಗಂಟೆ ಆಗಬಹುದು ಎಂಬ ಸೂಚನೆ ಬಂತು. ಅಂತ್ಯಸಂಸ್ಕಾರ ಸಂಜೆ ನಾಲ್ಕಕ್ಕೆ. ಕೊನೆಗೆ ಒಬ್ಬರು ವಾಟ್ಸಪ್ ವಿಡಿಯೋ ಕರೆ ಮಾಡಿ ಒಂದು ಗಂಟೆ ಕೈ ನೋಯುವಂತೆ ಫೋನ್ ಹಿಡಿದು ನಿಂತರು. ದಯವಿಟ್ಟು ಇಂದೇ ನಿಮ್ಮ ಚಾನೆಲಿನಲ್ಲಿ ನೇರ ಪ್ರಸಾರವನ್ನು ಸಕ್ರಿಯಗೊಳಿಸಿ ಇಡಿ. ಅಗತ್ಯ ಬಿದ್ದ ದಿನಕ್ಕೆ ಕಾಯಬೇಡಿ. ಬರೇ ಮೊಬೈಲಿನಿಂದ ಪ್ರಸಾರ ಮಾಡುವುದಾದರೆ ಚಾನೆಲಿಗೆ ಕನಿಷ್ಠ 50 ಚಂದಾದಾರರೂ ಇರಬೇಕು. ಕಂಪ್ಯೂಟರಿನಿಂದ ಮಾಡುವುದಕ್ಕೆ ಆ ನಿಯಮವಿಲ್ಲ.

ಮನೆ ಮನೆ ಸಮೀಕ್ಷೆ ಮಾಡುವ ಸಮಾಜ ಸೇವಾ ಕಾರ್ಯಕರ್ತರಿಗೆ ಕೋಬೋ ಟೂಲ್‌ಬಾಕ್ಸ್ ಎಂಬುದನ್ನು ಪರಿಚಯಿಸಬೇಕು. ಹಾರ್ವರ್ಡ್ ವಿಶ್ವವಿದ್ಯಾಲಯದ ಮಾನವೀಯ ನೆರವಿನ ವಿಭಾಗದಲ್ಲಿ ಬೆಳೆದ ತಂತ್ರಾಂಶ ಇದು. ನೆಟ್‌ವರ್ಕ್ ಇಲ್ಲದ ಘಟ್ಟದ ಬುಡದ ಊರಿನಲ್ಲಿಯೂ ಮೊಬೈಲಿನಲ್ಲಿ ಅರ್ಜಿ ತುಂಬಿಸಿ, ಸಿಗ್ನಲ್ ಸಿಕ್ಕಿದ ಮೇಲೆ ಕಳುಹಿಸಬಹುದು. ನೆರೆ ಬಂದಾಗ ಯಾರ ಮನೆಗೆ ಏನು ಹಾನಿ ಎಂದು ಪಟ್ಟಿ ಮಾಡಲು ಇದಕ್ಕಿಂತ ಸುಲಭದ ದಾರಿ ನಮಗೆ ಗೊತ್ತಿಲ್ಲ.

ಅಕ್ಷರದ ಮಾತು

ಈಗ ನಮ್ಮ ಭಾಷೆಯ ವಿಷಯಕ್ಕೆ ಬರೋಣ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳುವುದಿದೆ, ಸಹಿಸಿಕೊಳ್ಳಿ.

ಕನ್ನಡದ ಮೊದಲ ಪತ್ರಿಕೆ ಹೊರಟದ್ದು ನಮ್ಮ ಮಂಗಳೂರಿನಲ್ಲಿ, 1843ರಲ್ಲಿ. ಕನ್ನಡ ಲಿಪಿಯ ಕೊಂಕಣಿ ಪತ್ರಿಕೆ 'ಕೊಂಕ್ಣಿ ದಿರ್ವೆಂ' 1912ರಲ್ಲಿ ಬಂತು, 'ರಾಕ್ಣೊ' 1938ರಲ್ಲಿ. ಅಚ್ಚಿನ ಕೆಲಸದಲ್ಲಿ ಹಿಂದೆ ಬೀಳದ ಊರು ನಮ್ಮದು. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ವಿಷಯದಲ್ಲಿಯೂ ಕರಾವಳಿಯ ಪಾಲು ದೊಡ್ಡದು. ಮಂಗಳೂರು ಸಮೀಪದ ಕಿನ್ನಿಕಂಬಳದ ನಾಡೋಜ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೇ ಇಂದು ನುಡಿ ತಂತ್ರಾಂಶದಲ್ಲಿ ಎಲ್ಲರೂ ಬಳಸುತ್ತಿರುವುದು. ಅದನ್ನು ಅವರು ಹಣ ಕೇಳದೆ ಎಲ್ಲರಿಗೂ ಬಿಟ್ಟುಕೊಟ್ಟರು. ಉಚಿತ ಸಂಪನ್ಮೂಲ ಎಂದರೆ ಅಮೆರಿಕದಿಂದಲೇ ಬರಬೇಕೆಂದಿಲ್ಲ.

ಆದರೆ ಹಳೆಯ ನುಡಿ, ಬರಹ ಮತ್ತು ಡಿಟಿಪಿ ಅಕ್ಷರಗಳಲ್ಲಿ ಒಂದು ತೊಡಕಿತ್ತು. ಆಗಿನ ಕಂಪ್ಯೂಟರಿಗೆ ಗೊತ್ತಿದ್ದದ್ದು ಇಂಗ್ಲಿಷ್ ಮತ್ತು ಯುರೋಪಿನ ಕೆಲವು ಅಕ್ಷರಗಳು. ಆದುದರಿಂದ ಆ ಅಕ್ಷರಗಳ ಜಾಗದಲ್ಲಿಯೇ ಕನ್ನಡದ ತುಂಡುಗಳನ್ನು ಕೂರಿಸಿದರು. ತಲೆಕಟ್ಟು ಒಂದು ಕಡೆ, ಕೊಂಬು ಒಂದು ಕಡೆ, ಒತ್ತು ಇನ್ನೊಂದು ಕಡೆ. ಪರದೆಯ ಮೇಲೆ ಕನ್ನಡ ಕಾಣುತ್ತದೆ, ಅಚ್ಚಿನಲ್ಲಿಯೂ ಚೆನ್ನಾಗಿ ಬರುತ್ತದೆ. ಕಂಪ್ಯೂಟರಿನ ಲೆಕ್ಕದಲ್ಲಿ ಮಾತ್ರ ಅದು ಅರ್ಥವಿಲ್ಲದ ಇಂಗ್ಲಿಷ್. ಆ ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಗೀಚಿದಂತೆ ಕಾಣುತ್ತದೆ.

ಇದಕ್ಕೆ ಪರಿಹಾರ ಯುನಿಕೋಡ್. ಅದರಲ್ಲಿ ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ಮನೆ ಇದೆ. 'ಕ' ಎಂದರೆ ಜಗತ್ತಿನ ಯಾವ ಕಂಪ್ಯೂಟರಿನಲ್ಲಿಯೂ 'ಕ' ಎಂದೇ ಅರ್ಥ. 2001ರ ವಿಂಡೋಸ್ ಎಕ್ಸ್‌ಪಿಯ ಕಾಲದಿಂದಲೇ ಸಾಮಾನ್ಯ ಕಂಪ್ಯೂಟರುಗಳಲ್ಲಿ ಇದು ಸಾಧ್ಯವಾಯಿತು. ಕನ್ನಡ ಲಿಪಿಯಲ್ಲಿ ಬರೆಯುವ ಕೊಂಕಣಿ, ತುಳು, ಬ್ಯಾರಿ ಭಾಷೆಗಳಿಗೂ ಇದೇ ಮನೆ. (ತುಳುವಿನ ಸ್ವಂತ ಲಿಪಿಗೂ ತುಳು-ತಿಗಳಾರಿ ಎಂಬ ಹೆಸರಿನಲ್ಲಿ 2024ರಲ್ಲಿ ಯುನಿಕೋಡಿನಲ್ಲಿ ಜಾಗ ಸಿಕ್ಕಿತು.)

ಇಷ್ಟಾಗಿಯೂ ನಮ್ಮ ಚರ್ಚುಗಳ ಪತ್ರಿಕೆಗಳು ಹೇಗೆ ಹೊರಡುತ್ತಿವೆ? ಹಳೆಯ ಅಕ್ಷರದಲ್ಲಿ ಟೈಪ್ ಮಾಡುತ್ತಾರೆ, ಅದನ್ನು ಚಿತ್ರವಾಗಿ ಮಾಡಿ ವಾಟ್ಸಪ್ಪಿನಲ್ಲಿ ಹಾಕುತ್ತಾರೆ. ಓದುವವರಿಗೆ ಕಾಣುತ್ತದಲ್ಲ, ಇನ್ನೇನು ಬೇಕು ಎಂದು ಕೇಳುವವರಿದ್ದಾರೆ. ಕಾಣದವರ ಮಾತೇನು? ದೃಷ್ಟಿಯಿಲ್ಲದವರಿಗಾಗಿ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವಿದೆ. ಆಸ್ಟ್ರೇಲಿಯಾದ ಮೈಕಲ್ ಕರ್ರನ್ ಎಂಬ ದೃಷ್ಟಿಹೀನ ಯುವಕ 2006ರಲ್ಲಿ ಅದನ್ನು ಬರೆಯತೊಡಗಿದರು. ಪರದೆಯ ಮೇಲಿರುವುದನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್ ಇದೇ ಕೆಲಸ ಮಾಡುತ್ತದೆ. ಆದರೆ ಇವು ಯುನಿಕೋಡ್ ಅಕ್ಷರವನ್ನು ಓದುತ್ತವೆ, ನಾವು ಹಾಕಿದ ಚಿತ್ರವನ್ನು ನೆಚ್ಚುವಂತೆ ಓದಲಾರವು. ಭಾನುವಾರದ ಪ್ರಕಟಣೆ ತನ್ನ ಫೋನಿನಲ್ಲಿ ಬಂದಿದೆ ಎಂದು ಗೊತ್ತಾಗಿಯೂ ಅದರಲ್ಲಿ ಏನಿದೆ ಎಂದು ಪಕ್ಕದವರನ್ನು ಕೇಳಬೇಕಾದ ಪ್ರಾಯಸ್ಥರೊಬ್ಬರು ನಮಗೆ ಗೊತ್ತು. ಆ ಸಂದೇಶವನ್ನು ಅಕ್ಷರದಲ್ಲಿ ಕಳುಹಿಸಲು ತಗಲುವ ಹೆಚ್ಚುವರಿ ಖರ್ಚು ಸೊನ್ನೆ.

ಹುಡುಕಾಟದ ಮಾತೂ ಹಾಗೆಯೇ. ಚಿತ್ರದೊಳಗೆ ಇರುವ ಹೆಸರು ನಾಳೆ ಹುಡುಕಿದರೆ ಸಿಗುವುದು ಕಷ್ಟ. ಅಜ್ಜನ ಹೆಸರು ಟೈಪ್ ಮಾಡಿ ತನ್ನ ಮೂಲ ಚರ್ಚು ಹುಡುಕುವ ಮುಂಬಯಿಯ ಮೊಮ್ಮಗನಿಗೆ ನಮ್ಮ ನೂರು ಸಂಚಿಕೆಗಳೂ ಇಲ್ಲದಂತೆಯೇ.

ಹಳೆಯ ಕಡತಗಳನ್ನು ಬದಲಿಸುವುದು ಕಷ್ಟವಲ್ಲ. ನುಡಿ ಮತ್ತು ಬರಹದಲ್ಲಿಯೇ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಒಮ್ಮೆ ಕಣ್ಣಾಡಿಸಬೇಕು. ಅರ್ಕಾವೊತ್ತು ಜಾಗ ತಪ್ಪುವುದುಂಟು, 'ಧರ್ಮ' ಹೋಗಿ ಇನ್ನೇನೋ ಆಗುವುದುಂಟು. ಅಚ್ಚಾದ ಹಳೆಯ ಸಂಚಿಕೆಗಳು ಮಾತ್ರ ಇದ್ದರೆ ಪುಟಗಳ ಸ್ಪಷ್ಟ ಫೋಟೋ ತೆಗೆದು ಗೂಗಲ್ ಡ್ರೈವಿಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಚಿತ್ರದ ಕೆಳಗೆ ಕನ್ನಡ ಅಕ್ಷರಗಳು ಬಂದಿರುತ್ತವೆ. ಸ್ವಚ್ಛ ಅಚ್ಚಾಗಿದ್ದರೆ ತಪ್ಪು ಕಡಿಮೆ. ಚಂದದ ಅಕ್ಷರ ಬೇಕು ಎನ್ನುವವರಿಗೆ ನೋಟೋ ಕನ್ನಡ, ಬಲೂ ತಮ್ಮ ಮುಂತಾದ ಯುನಿಕೋಡ್ ಅಕ್ಷರಶೈಲಿಗಳು ಉಚಿತವಾಗಿವೆ.

ಅನುವಾದದ ಯಂತ್ರಗಳ ಬಗ್ಗೆ ಒಂದೇ ಮಾತು. ಗೂಗಲ್ ಅನುವಾದಕ್ಕೆ 2022ರಲ್ಲಿ ಕೊಂಕಣಿ, 2024ರಲ್ಲಿ ತುಳು ಸೇರಿದವು. ಸಂತೋಷ. ಆದರೆ ಅದು ಕೊಟ್ಟದ್ದನ್ನು ಓದದೆ ಪ್ರಕಟಿಸಬೇಡಿ. ಮರಣದ ಪ್ರಕಟಣೆಯಲ್ಲಿ ನಗೆಪಾಟಲಾಗುವ ವಾಕ್ಯವೊಂದು ನಮ್ಮ ಮೇಜಿನ ತನಕ ಬಂದದ್ದಿದೆ.

ಹಣ, ಹೆಸರು, ಮಕ್ಕಳ ಫೋಟೋ

ಯುಪಿಐ 2016ರಲ್ಲಿ ಬಂದ ಮೇಲೆ ದಾನ ಕೊಡುವುದು ಸುಲಭವಾಗಿದೆ. ಆದರೆ ಗೋಡೆಗೆ ಅಂಟಿಸಿದ ಕ್ಯೂಆರ್ ಚೀಟಿ ಯಾರ ಖಾತೆಯದು? ಸಂಸ್ಥೆಯ ಖಾತೆಯದೇ ಆಗಿರಬೇಕು. ತಾತ್ಕಾಲಿಕವೆಂದು ಖಜಾಂಚಿಯವರ ಸ್ವಂತ ಖಾತೆಯದನ್ನು ಹಾಕಿದರೆ ಎಷ್ಟೇ ಪ್ರಾಮಾಣಿಕರಾದರೂ ಅವರೇ ಇಕ್ಕಟ್ಟಿಗೆ ಸಿಲುಕುತ್ತಾರೆ.

ಪರದೇಶದಲ್ಲಿರುವ ನಮ್ಮವರ ದಾನದಲ್ಲಿ ಒಂದು ಸೂಕ್ಷ್ಮವಿದೆ. ಗಲ್ಫಿನಲ್ಲಿದ್ದು ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಅವರೇ ಕೆನಡಾ ಅಥವಾ ಬ್ರಿಟನ್ನಿನ ಪೌರತ್ವ ಪಡೆದ ಮೇಲೆ ಕೊಟ್ಟರೆ ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ ನೋಂದಣಿ ಇಲ್ಲದ ಸಂಸ್ಥೆ ಅದನ್ನು ಪಡೆಯುವಂತಿಲ್ಲ. ನೋಂದಣಿ ಇದ್ದರೂ 2020ರ ತಿದ್ದುಪಡಿಯಂತೆ ಹೊಸದಿಲ್ಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತೆ ಖಾತೆ ಸಂಖ್ಯೆ ಹಾಕುವ ಮೊದಲು ಈ ವ್ಯತ್ಯಾಸವನ್ನು ಅದರ ಪಕ್ಕದಲ್ಲಿಯೇ ಬರೆಯಿರಿ.

ಧರ್ಮಗುರುಗಳ ಫೋಟೋ ಹಾಕಿದ ಹೊಸ ನಂಬರಿನಿಂದ "ತುರ್ತಾಗಿ ಹಣ ಬೇಕು" ಎಂದು ಸಂದೇಶ ಬಂದರೆ ಅವರ ಹಳೆಯ ನಂಬರಿಗೆ ಫೋನ್ ಮಾಡಿ ಕೇಳಿ. ಹಣ ಹೋಗಿಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ಕೊಡಬೇಕು.

ಕುಟುಂಬಗಳ ಪಟ್ಟಿ, ಫೋನ್ ನಂಬರ್, ಸಹಾಯ ಪಡೆದವರ ಹೆಸರು ಇವೆಲ್ಲ ಇಂದು ಗೂಗಲ್ ಫಾರ್ಮಿನ ಮೂಲಕ ಕ್ಷಣದಲ್ಲಿ ಒಂದೆಡೆ ಸೇರುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ಅವು ಹಂತ ಹಂತವಾಗಿ ಜಾರಿಗೆ ಬರುವಂಥವು. 18 ವರ್ಷದೊಳಗಿನವರ ಮಾಹಿತಿಗೆ ತಂದೆತಾಯಿಯರ ಒಪ್ಪಿಗೆ ಬೇಕೆಂದು ಕಾಯಿದೆ ಹೇಳುತ್ತದೆ. ಕಾನೂನು ಒತ್ತಟ್ಟಿಗಿರಲಿ. ಅಕ್ಕಿ ಚೀಲ ಪಡೆಯುತ್ತಿರುವ ವಿಧವೆಯ ಮುಖವನ್ನು, ಹಾಸ್ಟೆಲಿನ ಮಗುವಿನ ಮುಖವನ್ನು ಅವರನ್ನು ಕೇಳದೆ ಫೇಸ್‌ಬುಕ್ಕಿಗೆ ಹಾಕುವುದು ನಮಗೆ ಎಂದೂ ಸರಿ ಕಂಡಿಲ್ಲ. ಚೀಲ ಕೊಡುವವರ ಫೋಟೋ ಬೇಕಿದ್ದರೆ ಅವರದನ್ನು ಮಾತ್ರ ತೆಗೆಯಲಿ.

ಬೀಗದ ಕೈ

ಮೊದಲಿನ ಘಟನೆಗೆ ಹಿಂತಿರುಗೋಣ. ಜಾಲತಾಣದ ವಿಳಾಸ, ಇ-ಮೇಲ್, ಯೂಟ್ಯೂಬ್ ಚಾನೆಲ್, ವಾಟ್ಸಪ್ ಗುಂಪು ಇವೆಲ್ಲ ಸಾಮಾನ್ಯವಾಗಿ ಒಬ್ಬ ಯುವಕನ ಫೋನಿನಲ್ಲಿರುತ್ತವೆ. ಅವನಿಗೆ ಕೆಲಸ ಸಿಕ್ಕಿದ ದಿನ ಇಡೀ ಕಚೇರಿ ಅವನ ಕಿಸೆಯಲ್ಲಿ ವಿಮಾನ ಹತ್ತುತ್ತದೆ.

ಮೊದಲು ಸಂಸ್ಥೆಯ ಹೆಸರಿನಲ್ಲಿಯೇ ಒಂದು ಇ-ಮೇಲ್ ಮಾಡಿ, ಉಳಿದ ಎಲ್ಲ ಖಾತೆಗಳನ್ನು ಅದರಿಂದಲೇ ತೆರೆಯಿರಿ. ಧರ್ಮಗುರುಗಳ ಸ್ವಂತ ಇ-ಮೇಲ್ ಕೂಡ ಬೇಡ, ಏಕೆಂದರೆ ನಮಗೂ ವರ್ಗಾವಣೆಯಾಗುತ್ತದೆ. ಯೂಟ್ಯೂಬ್ ಚಾನೆಲಿಗೆ ಒಬ್ಬರಿಗಿಂತ ಹೆಚ್ಚು ಜನರಿಗೆ ಅಧಿಕಾರ ಕೊಡಬಹುದು, ಪಾಸ್‌ವರ್ಡ್ ಹಂಚಬೇಕಾಗಿಲ್ಲ. ವಾಟ್ಸಪ್ ಬಿಸಿನೆಸ್ ಅನ್ನು ಕಚೇರಿಯ ಲ್ಯಾಂಡ್‌ಲೈನ್ ನಂಬರಿನಲ್ಲಿಯೂ ತೆರೆಯಬಹುದು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ದೃಢೀಕರಣದ ಸಂಖ್ಯೆಯನ್ನು ಅದು ಫೋನ್ ಮಾಡಿ ಹೇಳುತ್ತದೆ. ಗೂಗಲ್ ಖಾತೆಗೆ ಎರಡು ಹಂತದ ಭದ್ರತೆ ಹಾಕಿದಾಗ ಹತ್ತು ಬದಲಿ ಸಂಖ್ಯೆಗಳನ್ನು ಪಡೆಯಬಹುದು. ಅವನ್ನು ಮುದ್ರಿಸಿ, ಪಾಸ್‌ವರ್ಡ್ ಬರೆದ ಚೀಟಿಯೊಂದಿಗೆ ಲಕೋಟೆಯಲ್ಲಿ ಅಂಟಿಸಿ, ಜ್ಞಾನಸ್ನಾನದ ದಾಖಲೆ ಪುಸ್ತಕಗಳಿರುವ ಕಪಾಟಿನಲ್ಲಿ ಇಡಿ. ಹಳೆಯ ಕ್ರಮವೆಂದು ನಗುವವರು ನಗಲಿ. ವಿಳಾಸದ ನವೀಕರಣದ ದಿನಾಂಕವನ್ನು ವಿದ್ಯುತ್ ಬಿಲ್ಲಿನ ಪಕ್ಕದಲ್ಲಿ ಲೆಕ್ಕದ ಪುಸ್ತಕದಲ್ಲಿ ಬರೆಯಿರಿ. ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸಿನ ಖರ್ಚು ಅದು.

ಇಂಟರ್‌ನೆಟ್ ಆರ್ಕೈವ್ ಎಂಬ ಇನ್ನೊಂದು ಸೇವಾ ಸಂಸ್ಥೆಯನ್ನು ಹೇಳದೆ ಬಿಡುವಂತಿಲ್ಲ. ಬ್ರೂಸ್ಟರ್ ಕಾಲ್ ಎಂಬವರು 1996ರಲ್ಲಿ ಆರಂಭಿಸಿದ ಈ ಸಂಸ್ಥೆ ಜಗತ್ತಿನ ಜಾಲತಾಣಗಳ ಪ್ರತಿ ತೆಗೆದಿಡುತ್ತಾ ಬಂದಿದೆ. 2001ರಿಂದ ವೇಬ್ಯಾಕ್ ಮೆಷಿನ್ ಎಂಬ ಹೆಸರಿನಲ್ಲಿ ಅದು ಎಲ್ಲರಿಗೂ ತೆರೆದಿದೆ. ಹಳೆಯ ವಿಳಾಸ ಕೊಟ್ಟರೆ, ಆ ತಾಣ ಯಾವ ದಿನ ಹೇಗಿತ್ತು ಎಂದು ತೋರಿಸುತ್ತದೆ, ಪ್ರತಿ ತೆಗೆದಿದ್ದರೆ. ನಿಮ್ಮ ಪುಟವನ್ನು ಉಳಿಸಿಡು ಎಂದು ನೀವೇ ಅದಕ್ಕೆ ಹೇಳಲೂಬಹುದು. ಹಳೆಯ ಸ್ಮರಣ ಸಂಚಿಕೆಗಳ ಪಿಡಿಎಫ್ ಪ್ರತಿಗಳನ್ನೂ ಅಲ್ಲಿ ಉಚಿತವಾಗಿ ಇಡಬಹುದು. ಲೇಖಕರ ಒಪ್ಪಿಗೆ ಇರಲಿ.

ಆ ಚರ್ಚಿನ ವಿಳಾಸವನ್ನು ನಾವು ಅಲ್ಲಿ ಹುಡುಕಿದೆವು. 2009ರ ಒಂದು ಪ್ರತಿ ಸಿಕ್ಕಿತು. ಇತಿಹಾಸದ ಪುಟ ತೆರೆದಾಗ ಕಂಡದ್ದು ಗೀಚಿದಂಥ ಇಂಗ್ಲಿಷ್ ಅಕ್ಷರಗಳು. ಹಳೆಯ ಅಕ್ಷರಶೈಲಿಯಲ್ಲಿ ಬರೆದದ್ದೆಂದು ಗೊತ್ತಾಗಿ, ಪರಿವರ್ತಕಕ್ಕೆ ಹಾಕಿದೆವು. ಅಧ್ಯಾಪಕರ ವಾಕ್ಯಗಳು ಒಂದೊಂದಾಗಿ ಕನ್ನಡದಲ್ಲಿ ಮೂಡಿ ಬಂದವು. ಅದನ್ನು ಅವರ ಮಗಳಿಗೆ ಕಳುಹಿಸಿದೆವು. ತಪ್ಪಿದ ಒತ್ತುಗಳನ್ನು ಅವರೇ ಕುಳಿತು ತಿದ್ದಿಕೊಟ್ಟಿದ್ದಾರೆ. ಧರ್ಮಗುರುಗಳ ಪಟ್ಟಿಯೂ ಸಿಕ್ಕಿದೆ. ಫೋಟೋಗಳಲ್ಲಿ ನಾಲ್ಕು ಮಾತ್ರ ಬಂದವು, ಹಳೆಯ ಇಗರ್ಜಿಯ ಮುಂಭಾಗದ್ದು ಬರಲಿಲ್ಲ. ಯಾರ ಮನೆಯ ಮದುವೆ ಆಲ್ಬಮಿನಲ್ಲಾದರೂ ಇದ್ದರೆ ತಂದುಕೊಡಿ ಎಂದು ಆ ಚರ್ಚಿನಲ್ಲಿ ಈಗ ಭಾನುವಾರ ಪೂಜೆಯ ಬಳಿಕ ಪ್ರಕಟಣೆ ಕೊಡುತ್ತಿದ್ದಾರೆ.